ಹಸಿರು ಮೊಟ್ಟೆ ಯಾರ ಕಡೆಯಿಂದ ಬಂತು? ನಮ್ಮ ಬಾತುಕೋಳಿ ಗೂಡಿನ ಮೂರು ವರ್ಷದ ಲೆಕ್ಕ

ಫೆಬ್ರವರಿ 2022, ಬೆಳಿಗ್ಗೆ ಆರೂಕಾಲು. ಬಾತುಗಳನ್ನ ಹೊರಗೆ ಬಿಟ್ಟು ಗೂಡಿನ ಹುಲ್ಲಲ್ಲಿ ಕೈಯಾಡಿಸ್ತಾ ಮೊಟ್ಟೆ ಆರಿಸ್ತಿದ್ದೆ, ಎಂದಿನ ಬಿಳಿ ಮೊಟ್ಟೆಗಳ ಮಧ್ಯೆ ಒಂದು ಹಸಿರು ಮೊಟ್ಟೆ. ಕಡು ಹಸಿರಲ್ಲ, ಸುಣ್ಣ ಮೈಲುತುತ್ತ ಕಲಸಿ ತೋಟಕ್ಕೆ ಹೊಡೀತೀವಲ್ಲ ಆ ಬೋರ್ಡೋ ದ್ರಾವಣಕ್ಕೆ ನೀರು ಜಾಸ್ತಿಯಾದ್ರೆ ಬರುತ್ತಲ್ಲ, ಹೆಚ್ಚುಕಮ್ಮಿ ಆ ಬಣ್ಣ. ಅವ್ವ ನೋಡಿ ಕೆರೆ ಪಾಚಿ ತಿಂದಿರ್ತವೆ ಅದಕ್ಕೇ ಅಂದ್ರು. ಪಕ್ಕದ ಮನೆಯವರು ಕೆಟ್ಟಿರುತ್ತೆ ಬಿಸಾಕಿ ಅಂದ್ರು. ಆಗ ಹತ್ತನೇ ಕ್ಲಾಸಲ್ಲಿದ್ದ ಮಗಳು ಮಾತ್ರ, ಅಪ್ಪ ಇದು ಬಟಾಣಿ ಥರ ಇರಬಹುದು, ಅಂದ್ಲು. ಬಟಾಣಿ ಗಿಡ ಬೆಳೆಸಿ ಗುಣಗಳು ತಂದೆತಾಯಿಯಿಂದ ಮಕ್ಕಳಿಗೆ ಹೇಗೆ ಬರ್ತವೆ ಅಂತ ತೋರಿಸಿದ ಮೆಂಡಲ್ ಪಾಠ ಅವಳ ಪುಸ್ತಕದಲ್ಲಿ ಆಗಷ್ಟೇ ಮುಗಿದಿತ್ತು. ಆ ಮಾತು ತಲೇಲಿ ಕೂತ್ಕೊಂಡ್ತು, ಅಲ್ಲಿಂದ ಶುರುವಾದ ಕೆಲಸ ಇದು.

ಮೊದಲು ನಮ್ಮ ಮಂದೆ ಎಂಥದ್ದು ಅಂತ ಹೇಳಿಬಿಡ್ತೀನಿ. ಖಾಕಿ ಕ್ಯಾಂಪ್‌ಬೆಲ್ ಅನ್ನೋ ತಳಿಯ ಐದು ಹೆಣ್ಣು ಒಂದು ಗಂಡು ಮೊದಲಿಂದ್ಲೂ ಇದ್ವು, ಎಲ್ಲಾ ಬಿಳಿ ಮೊಟ್ಟೆಯವು. ಜನವರಿಯಲ್ಲಿ ಭತ್ತದ ಕೊಯ್ಲಾದ ಮೇಲೆ ತಮಿಳುನಾಡು ಕಡೆಯವರು ಮಂದೆ ಹೊಡ್ಕೊಂಡು ಬಂದು ಗದ್ದೇಲಿ ಬಿಡಾರ ಹಾಕಿದ್ರು, ಕೂಳೆ ಗದ್ದೇಲಿ ಉದುರಿದ ಕಾಳು, ಹುಳ, ಶಂಕುಹುಳ ಎಲ್ಲಾ ಮೇಯಿಸ್ಕೊಂಡು ಹೋಗ್ತಾರಲ್ಲ ಅವರು. ಅವರ ಹತ್ರ ನಾಲ್ಕು ಹೆಣ್ಣು ಒಂದು ಗಂಡು ತಗೊಂಡಿದ್ದೆ. ಗಂಡಿಗೆ ಮಗಳು ಕರಿಯ ಅಂತ ಹೆಸರಿಟ್ಲು, ಕ್ಯಾಂಪ್‌ಬೆಲ್ ಗಂಡು ರಾಜ. ಒಟ್ಟು ಒಂಬತ್ತು ಹೆಣ್ಣು ಎರಡು ಗಂಡು.

ಬಣ್ಣ ಮೇಲಿಂದ ಹತ್ತಿದ್ದೋ ಒಳಗಿಂದ ಬಂದಿದ್ದೋ

ಮೊದಲನೇ ದಿನವೇ ಮೊಟ್ಟೆಯನ್ನ ಸ್ಕ್ರಬ್ಬರಲ್ಲಿ ಉಜ್ಜಿ ನೋಡ್ದೆ, ಹೋಗ್ಲಿಲ್ಲ. ಒಡೆದು ಒಳಗಿನ ಪೊರೆ ಬಿಡಿಸಿ ಬೆಳಕಿಗೆ ಹಿಡಿದ್ರೆ ಚಿಪ್ಪಿನ ಒಳಮೈ ಕೂಡ ಹಸಿರು. ಆಮೇಲೆ ಒಂದು ಲೋಟಕ್ಕೆ ನಾಟಿ ಕೋಳಿಯ ಕಂದು ಚಿಪ್ಪು, ಇನ್ನೊಂದಕ್ಕೆ ಈ ಹಸಿರು ಚಿಪ್ಪು ಹಾಕಿ ಎರಡಕ್ಕೂ ವಿನೆಗರ್ ಸುರಿದೆ. ಗುಳ್ಳೆ ಬರೋಕೆ ಶುರುವಾಗಿ ಸ್ವಲ್ಪ ಹೊತ್ತಿಗೆ ಕಂದು ಚಿಪ್ಪನ್ನ ಬೆರಳಲ್ಲಿ ಒರೆಸಿದ್ರೆ ಬಣ್ಣ ಕೈಗೆ ಬಂತು, ಕೆಳಗೆ ಬಿಳಿ ಕಾಣಿಸ್ತು. ಹಸಿರು ಚಿಪ್ಪು ಎಷ್ಟು ಒರೆಸಿದ್ರೂ ಕರಗ್ತಾ ಕರಗ್ತಾ ತೆಳ್ಳಗಾಯ್ತೇ ಹೊರತು ಕೊನೇ ತನಕ ಹಸಿರಾಗೇ ಇತ್ತು. ಅಂದ್ರೆ ಕಂದು ಬಣ್ಣ ಕೊನೇಲಿ ಬಳಿದ ಪೇಂಟು, ಹಸಿರು ಬಣ್ಣ ಸಿಮೆಂಟಲ್ಲೇ ಕಲಸಿದ್ದು.

ಈ ಹಸಿರಿನ ಹೆಸರು ಬಿಲಿವರ್ಡಿನ್. ಕಾಲಿಗೆ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿ ನೀಲಿಯಾದ ಜಾಗ ನಾಲ್ಕೈದು ದಿನಕ್ಕೆ ಹಸಿರುಗಟ್ಟುತ್ತಲ್ಲ, ಅಲ್ಲಿ ಬರೋದೂ ಇದೇ. ರಕ್ತದ ಕೆಂಪಿಗೆ ಕಾರಣವಾದ ಹೀಮ್ ಮುರಿದಾಗ ಹುಟ್ಟೋ ಪದಾರ್ಥ. ಬಾತಿನ ಹೊಟ್ಟೇಲಿ ಮೊಟ್ಟೆಗೆ ಚಿಪ್ಪು ಕಟ್ಟೋ ಗ್ರಂಥಿ ಇರುತ್ತೆ, ಮೊಟ್ಟೆ ತನ್ನ ಹೆಚ್ಚಿನ ಸಮಯ ಕಳೆಯೋದು ಅಲ್ಲೇ, ಸುಣ್ಣ ಒಂದೊಂದೇ ಪದರ ಕೂರ್ತಾ ಇರುವಾಗ ಈ ಹಸಿರೂ ಜೊತೇಲೇ ಸೇರುತ್ತೆ. ನಾಟಿ ಕೋಳಿಯ ಕಂದು ಬಣ್ಣ ಪ್ರೋಟೋಪಾರ್ಫಿರಿನ್ ಅನ್ನೋದ್ರಿಂದ, ನೋಟು ಚೆಕ್ ಮಾಡೋ ಯುವಿ ಟಾರ್ಚನ್ನ ಕತ್ತಲೇಲಿ ಕಂದು ಮೊಟ್ಟೆ ಮೇಲೆ ಬಿಟ್ರೆ ಕೆಂಡದ ಥರ ಕೆಂಪಗೆ ಹೊಳೆಯುತ್ತೆ, ಮಕ್ಕಳಿಗೆ ತೋರಿಸಿ, ಬಾಯಿ ಬಿಟ್ಕೊಂಡು ನೋಡ್ತಾರೆ. ನಮ್ಮ ಹಸಿರು ಮೊಟ್ಟೆ ಹಾಗೆ ಹೊಳೀಲಿಲ್ಲ.

ಇಲ್ಲಿಗೆ ಪಾಚಿ ಮಾತು ಮುಗೀತು. ಒಂದೇ ಕೆರೆ, ಒಂದೇ ಮೇವು, ಒಂಬತ್ತರಲ್ಲಿ ಎಲ್ಲೋ ಕೆಲವು ಮಾತ್ರ ಹಸಿರು ಇಡ್ತವೆ ಅಂದ್ರೆ ಅದು ಮೇವಿಂದ ಬಂದಿದ್ದಲ್ಲ.

ಯಾವುದು ಯಾವ ಮೊಟ್ಟೆ ಇಡುತ್ತೆ: ಗೂಡು ಕಟ್ಟಿದ್ದು

ಬಾತು ಮೊಟ್ಟೆ ಇಡೋದು ಬಹುತೇಕ ಬೆಳಗಿನ ಜಾವ, ಒಂಬತ್ತು ಗಂಟೆ ಒಳಗೆ ಮುಗಿಸುತ್ತೆ. ಹಾಗಾಗಿ ರಾತ್ರಿ ಒಂದೊಂದನ್ನ ಒಂದೊಂದು ಗೂಡಲ್ಲಿ ಹಾಕಿದ್ರೆ ಸಾಕು, ಯಾವ ಮೊಟ್ಟೆ ಯಾರದ್ದು ಅಂತ ತಿಳಿಯುತ್ತೆ. ಹಳೇ ದನದ ಕೊಟ್ಟಿಗೇಲಿ ಗೋಡೆ ಉದ್ದಕ್ಕೂ ಒಂಬತ್ತು ಗೂಡು, ಒಂದೊಂದು ಎರಡಡಿ ಅಗಲ ಎರಡೂವರೆ ಅಡಿ ಆಳ. ಸರ್ವೆ ಮರದ ಪಟ್ಟಿ, ಮಧ್ಯಕ್ಕೆ ಪ್ಲೈವುಡ್ ತುಂಡು, ಮುಂದೆ ಮೆಶ್ ಬಾಗಿಲು. ಎರಡು ತಪ್ಪು ಮಾಡ್ದೆ, ಎರಡೂ ಹೇಳ್ತೀನಿ ಯಾಕಂದ್ರೆ ಯಾರೂ ಮತ್ತೆ ಮಾಡಬಾರದು.

ಒಂದು, ಗಲೀಜು ಕೆಳಗೆ ಬೀಳ್ಲಿ ಅಂತ ನೆಲಕ್ಕೂ ಮೆಶ್ ಹಾಕ್ದೆ. ಹತ್ತೇ ದಿನಕ್ಕೆ ಎರಡು ಬಾತು ಕುಂಟೋಕೆ ಶುರು. ಎತ್ತಿ ತಿರುಗಿಸಿ ನೋಡಿದ್ರೆ ಪಾದದ ಅಡಿ ತಂತಿ ಗುರುತು ಮೂಡಿ ಕೆಂಪಾಗಿ ಊದಿಕೊಂಡಿತ್ತು. ಅವಕ್ಕೆ ಪಾದ ಮೆತ್ತಗೆ, ಕೆಸರಿನ ಪ್ರಾಣಿ. ಅವತ್ತೇ ಮೆಶ್ ಕಿತ್ತು ಮಣ್ಣಿನ ಮೇಲೆ ಭತ್ತದ ಹೊಟ್ಟು ಹರಡಿದೆ, ಉಪ್ಪುನೀರಲ್ಲಿ ಕಾಲು ತೊಳೆದು ಒಣಗಿಸಿ ಬಿಟ್ಟ ಮೇಲೆ ಸರಿಹೋಯ್ತು.

ಎರಡು, ಆ ಪ್ಲೈವುಡ್. ಬಾತು ಒಂಟಿಯಾಗಿ ಇರೋ ಜೀವ ಅಲ್ಲ. ರಾತ್ರಿಯೆಲ್ಲಾ ಒಂದಕ್ಕೊಂದು ಕೂಗಿದ್ವು, ನಾವೂ ನಿದ್ದೆ ಮಾಡ್ಲಿಲ್ಲ, ಮೂರು ದಿನ ಒಂದೂ ಮೊಟ್ಟೆ ಇಲ್ಲ. ಪ್ಲೈವುಡ್ ತೆಗೆದು ಮಧ್ಯಕ್ಕೂ ಮೆಶ್ ಹಾಕ್ದೆ, ಅಕ್ಕಪಕ್ಕದವು ಕಾಣಿಸ್ತಿದ್ದ ಹಾಗೇ ಅದೇ ರಾತ್ರಿ ತೆಪ್ಪಗಾದ್ವು, ನಾಲ್ಕನೇ ದಿನದಿಂದ ಮೊಟ್ಟೆ ಮತ್ತೆ ಬಂತು.

ಪ್ರತಿ ಮೊಟ್ಟೆ ಮೇಲೂ ಸೀಸದ ಕಡ್ಡೀಲಿ ತಾರೀಖು, ಗೂಡಿನ ನಂಬರು. ಹದಿನೈದು ದಿನಕ್ಕೆ ಲೆಕ್ಕ ಸ್ಪಷ್ಟವಾಯ್ತು, ಮಂದೆಯಿಂದ ಬಂದ ನಾಲ್ಕರಲ್ಲಿ ಮೂರು ಹಸಿರು, ಒಂದು ಬಿಳಿ, ಕ್ಯಾಂಪ್‌ಬೆಲ್ ಐದೂ ಬಿಳಿ. ಒಂದು ಹೆಣ್ಣು ಇವತ್ತು ಹಸಿರು ನಾಳೆ ಬಿಳಿ ಅಂತ ಇಟ್ಟಿದ್ದು ಇಲ್ಲವೇ ಇಲ್ಲ. ಹಸಿರಿನ ಮೂರಕ್ಕೆ ಕಾಲಿಗೆ ಕೆಂಪು, ಹಳದಿ, ನೀಲಿ ಕೇಬಲ್ ಟೈ ಕಟ್ಟಿದೆ, ಇನ್ಮೇಲೆ ಅವನ್ನ ಹಾಗೇ ಕರೀತೀನಿ.

ಗಂಡು ಮೊಟ್ಟೆ ಇಡಲ್ಲ, ಹಾಗಾದ್ರೆ ಗಂಡಿನೊಳಗೆ ಏನಿದೆ?

ಇಲ್ಲಿ ಎಲ್ಲರೂ ಎಡವೋ ಒಂದು ಜಾಗ ಇದೆ, ನಾನೂ ಎಡವಿದ್ದೆ. ಕರಿಯನನ್ನ ಬಿಳಿ ಮೊಟ್ಟೆಯ ಹೆಣ್ಣಿನ ಜೊತೆ ಬಿಟ್ರೆ ಮೊಟ್ಟೆ ಹಸಿರಾಗಬಹುದು ಅಂದ್ಕೊಂಡಿದ್ದೆ. ಆಗಲ್ಲ. ಚಿಪ್ಪು ಮರಿಯದ್ದಲ್ಲ, ತಾಯಿಯದ್ದು. ಒಳಗಿರೋ ಮರಿಗೆ ಅಪ್ಪ ಯಾರೇ ಆಗಿರ್ಲಿ, ಚಿಪ್ಪು ಕಟ್ಟೋದು ತಾಯಿಯ ಗ್ರಂಥಿ, ಅದು ಓದೋದು ತಾಯಿಯ ಜೀನನ್ನ. ಗಂಡಿನ ಪಾಲು ಕಾಣೋದು ಅವನ ಹೆಣ್ಣುಮಕ್ಕಳು ಬೆಳೆದು ತಾವೇ ಮೊಟ್ಟೆ ಇಟ್ಟಾಗ. ಅಂದ್ರೆ 28 ದಿನ ಕಾವು, ಮೇಲೆ ನಾಲ್ಕೂವರೆ ಐದು ತಿಂಗಳು. ಅಷ್ಟು ಕಾಯದೆ ಬೇರೆ ದಾರಿ ನಮ್ಮಂಥವರ ಹತ್ರ ಇಲ್ಲ.

ಮಗಳೂ ನಾನೂ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರ್ಕೊಂಡ ಲೆಕ್ಕ ಹೀಗೆ. ಪ್ರತಿ ಬಾತಿನಲ್ಲೂ ಈ ಜೀನಿನ ಎರಡು ಪ್ರತಿ, ಒಂದು ಅಪ್ಪನಿಂದ ಒಂದು ಅಮ್ಮನಿಂದ. ಹಸಿರಿಗೆ ಹ, ಬಿಳಿಗೆ ಬಿ. ಹ ಒಂದಿದ್ರೂ ಸಾಕು ಮೊಟ್ಟೆ ಹಸಿರು, ಹಾಗಾಗಿ ಹ-ಹ ಕೂಡ ಹಸಿರು, ಹ-ಬಿ ಕೂಡ ಹಸಿರು. ಬಿ-ಬಿ ಆದ್ರೆ ಮಾತ್ರ ಬಿಳಿ. ಬಿಳಿ ಮೊಟ್ಟೆಯ ಹೆಣ್ಣು ಅಂದ್ರೆ ಏನೂ ಮುಚ್ಚಿಟ್ಕೊಳ್ಳೋಕೆ ಆಗದ ಹೆಣ್ಣು, ಬಿ-ಬಿ ಅಂತ ಖಚಿತ. ಅದಕ್ಕೇ ಗಂಡನ್ನ ಪರೀಕ್ಷೆ ಮಾಡೋದು ಬಿಳಿ ಹೆಣ್ಣಿನ ಮೇಲೆ. ಅವಳು ಕೊಡೋದು ಬಿ ಮಾತ್ರ, ಮಗಳ ಮೊಟ್ಟೆ ಹಸಿರಾದ್ರೆ ಆ ಹ ಅಪ್ಪನದ್ದೇ.

ಈ ಜೀನು ಲಿಂಗದ ಕ್ರೋಮೋಸೋಮಿನ ಮೇಲಿಲ್ಲ, ಹಾಗಾಗಿ ಗಂಡಿಂದ್ಲೂ ಹೆಣ್ಣಿಂದ್ಲೂ ಸಮ ಸಮ ಬರುತ್ತೆ. ಚೀನಾದಲ್ಲಿ ಬಾತುಗಳ ಜೀನೋಮ್ ಇಡೀ ಓದಿ ನೋಡಿದವರು ಬೊಟ್ಟು ಮಾಡಿದ್ದು ಎಬಿಸಿಜಿ2 ಅನ್ನೋ ಜೀನಿನ ಕಡೆ, ಜೀವಕೋಶದೊಳಗಿನ ಪದಾರ್ಥವನ್ನ ಹೊರಗೆ ಸಾಗಿಸೋ ಪ್ರೋಟೀನು ಅದು. ಕೋಳಿಯ ಕಥೆ ಬೇರೆ. ದಕ್ಷಿಣ ಅಮೆರಿಕದ ಅರೌಕಾನಾ ಕೋಳಿ ನೀಲಿ ಮೊಟ್ಟೆ ಇಡುತ್ತೆ, ಅದೂ ಒಂದೇ ಜೀನಿನ ಮೇಲುಗೈ ಅಂತ ಪನ್ನೆಟ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ 1933ರಲ್ಲೇ ಬರೆದಿದ್ರು, ಆದ್ರೆ ಕಾರಣ ಗೊತ್ತಾಗಿದ್ದು 2013ರಲ್ಲಿ: ಯಾವುದೋ ಕಾಲದಲ್ಲಿ ಒಂದು ವೈರಸ್ಸಿನ ತುಣುಕು ಕೋಳಿಯ ಎಸ್‌ಎಲ್‌ಸಿಒ1ಬಿ3 ಅನ್ನೋ ಜೀನಿನ ಪಕ್ಕ ಬಂದು ಕೂತುಬಿಟ್ಟಿದೆ. ಬಣ್ಣ ಎರಡರಲ್ಲೂ ಬಿಲಿವರ್ಡಿನ್ನೇ, ಆದ್ರೆ ಬಾತಿನದ್ದು ಬೇರೆ ಬಾಗಿಲು, ಕೋಳಿಯದ್ದು ಬೇರೆ ಬಾಗಿಲು. ಇದನ್ನ ಓದಿದ ದಿನ ನನಗೆ ನಿದ್ದೆ ಬರ್ಲಿಲ್ಲ ನಿಜವಾಗ್ಲೂ.

ಮೊದಲ ಸುತ್ತು, ಮೊದಲು ಹಾಳಾಗಿದ್ದು

ಏಪ್ರಿಲ್ 2022. ಕರಿಯನ ಜೊತೆ ಮೂರು ಬಿಳಿ ಹೆಣ್ಣು, ರಾಜನ ಜೊತೆ ಉಳಿದ ಮೂರು ಬಿಳಿ ಹೆಣ್ಣು, ಮಧ್ಯೆ ನಾಲ್ಕಡಿ ಬೇಲಿ. ಐದನೇ ದಿನದಿಂದ್ಲೇ ಮೊಟ್ಟೆ ಕೂಡಿಡೋಕೆ ಶುರು ಮಾಡ್ಬಿಟ್ಟೆ. ಆಮೇಲೆ ಗೊತ್ತಾಯ್ತು, ಹೆಣ್ಣು ಬಾತು ಗಂಡಿನ ವೀರ್ಯವನ್ನ ಒಳಗೇ ವಾರಗಟ್ಟಲೆ ಇಟ್ಕೊಂಡಿರುತ್ತೆ ಅಂತ. ಅಂದ್ರೆ ಆ ಮೊಟ್ಟೆಗಳಲ್ಲಿ ಅಪ್ಪ ಕರಿಯನೋ ರಾಜನೋ ಹೇಳೋಕಾಗಲ್ಲ. 22 ಮೊಟ್ಟೆ ಅಡುಗೆಮನೆಗೆ ಹೋಯ್ತು. ಬೇರೆ ಮಾಡಿದ ಮೇಲೆ ಪೂರ್ತಿ ಮೂರು ವಾರ ಬಿಟ್ಟು ಮತ್ತೆ ಶುರು.

ಕಾವಿಗೆ ಥರ್ಮೋಕಾಲ್ ಡಬ್ಬ, ಎರಡು ಬಲ್ಬು, ಹಳೇ ಕಂಪ್ಯೂಟರ್ ಫ್ಯಾನು, ಚಿಕ್ಕ ಡಿಜಿಟಲ್ ಥರ್ಮೋಸ್ಟಾಟು 37.5 ಡಿಗ್ರಿಗೆ ಸೆಟ್ ಮಾಡಿ ಇನ್ಕ್ಯುಬೇಟರ್ ಮಾಡಿದ್ದೆ. ಹದಿನಾರನೇ ದಿನ ರಾತ್ರಿ ಮಳೆಗೆ ಕರೆಂಟು ಹೋಗಿ ಬೆಳಗಾದ್ರೂ ಬರ್ಲಿಲ್ಲ, ಆ ಬ್ಯಾಚು ಪೂರಾ ಹೋಯ್ತು. ಅವ್ವ ಮೊದಲೇ ಹೇಳಿದ್ರು ಹೇಂಟೆ ಕೆಳಗೆ ಇಡು ಅಂತ. ಕ್ಯಾಂಪ್‌ಬೆಲ್ ತಾನೇ ಕಾವು ಕೂರೋದು ಅಪರೂಪ, ಮೊಟ್ಟೆಗೇ ಅಂತ ಆರಿಸಿ ಆರಿಸಿ ಬೆಳೆಸಿರೋ ತಳಿ ಅದು. ಕಾವು ಬಂದ ನಾಟಿ ಹೇಂಟೆಗೆ ಎಂಟರಿಂದ ಹತ್ತು ಬಾತು ಮೊಟ್ಟೆ ಇಟ್ರೆ ಚೆನ್ನಾಗಿ ನೋಡ್ಕೊಳ್ಳುತ್ತೆ. 21 ದಿನಕ್ಕೆ ಮರಿ ಆಗ್ಲಿಲ್ಲ ಅಂತ ಎದ್ದು ಹೋಗುತ್ತೇನೋ ಅಂತ ನನಗೆ ಭಯ ಇತ್ತು, ಮೂರು ಹೇಂಟೇಲಿ ಒಂದೂ ಏಳ್ಲಿಲ್ಲ, 28 ದಿನ ಪೂರ್ತಿ ಕೂತ್ವು. ಎರಡನೇ ವಾರದಿಂದ ಹೇಂಟೆ ಮೇಯೋಕೆ ಎದ್ದಾಗ ಮೊಟ್ಟೆ ಮೇಲೆ ಉಗುರುಬೆಚ್ಚಗಿನ ನೀರು ಚಿಮುಕಿಸ್ತಿದ್ದೆ, ಬಾತು ಮೊಟ್ಟೆಗೆ ತೇವ ಜಾಸ್ತಿ ಬೇಕು.

ಏಳನೇ ದಿನ ಟಾರ್ಚ್ ಹಿಡಿದು ನೋಡಿ ಬಂಜೆ ಮೊಟ್ಟೆ ತೆಗೆದೆ. ಒಂದು ವಿಷಯ, ಬಿಳಿ ಚಿಪ್ಪಿನಲ್ಲಿ ಜೇಡರಬಲೆ ಥರದ ರಕ್ತನಾಳ ತಕ್ಷಣ ಕಾಣುತ್ತೆ, ಮುಂದಿನ ವರ್ಷ ಹಸಿರು ಚಿಪ್ಪಿನಲ್ಲಿ ಅದೇ ನೋಡೋಕೆ ಕೋಣೆ ಪೂರ್ತಿ ಕತ್ತಲೆ ಮಾಡಬೇಕಾಯ್ತು. ಕರಿಯನ ಕಡೆ ಹೇಂಟೆಗಳಿಂದ 13 ಮರಿ, ರಾಜನ ಕಡೆಯಿಂದ 15.

ಮರಿಗಳ ಕಾಲಿಗೆ ಬಣ್ಣದ ಕೇಬಲ್ ಟೈ ಕಟ್ಟಿದ್ದೆ ಯಾರ ಮಕ್ಕಳು ಅಂತ ಗುರುತಿಗೆ. ಬಾತು ಮರಿ ಎಷ್ಟು ಬೇಗ ಬೆಳೆಯುತ್ತೆ ಅನ್ನೋ ಅಂದಾಜು ನನಗಿರ್ಲಿಲ್ಲ. ಎರಡನೇ ವಾರ ಒಂದು ಮರಿ ಕಾಲೆಳೀತಿತ್ತು, ಹಿಡಿದು ನೋಡಿದ್ರೆ ಟೈ ಚರ್ಮದೊಳಗೆ ಇಳಿದು ಅದರ ಕೆಳಗೆ ಪಾದ ಬೆಂಡಿನ ಥರ ಊದಿತ್ತು. ಉಗುರು ಕತ್ತರಿಸೋ ಕಟ್ಟರಲ್ಲಿ ನಿಧಾನಕ್ಕೆ ಕತ್ತರಿಸಿದೆ, ಮೂರನೇ ದಿನಕ್ಕೆ ಊತ ಇಳೀತು. ಆವತ್ತಿಂದ ಪ್ರತಿ ಭಾನುವಾರ ಎಲ್ಲಾ ಟೈ ಬದಲಾಯಿಸೋದೇ, ಕಿರುಬೆರಳ ತುದಿ ಒಳಗೆ ಹೋಗೋ ಅಷ್ಟು ಸಡಿಲ ಇರಬೇಕು.

ಗಂಡು ಹೆಣ್ಣು ಬೇರೆ ಮಾಡೋದು ಸುಲಭ, ಎರಡು ತಿಂಗಳಿಗೆಲ್ಲಾ ಹೆಣ್ಣು ಕ್ವಾಕ್ ಅಂತ ಜೋರಾಗಿ ಕೂಗುತ್ತೆ, ಗಂಡಿನ ದನಿ ಗಂಟಲು ಕಟ್ಟಿದ ಹಾಗೆ ಪಿಸಪಿಸ, ಆಮೇಲೆ ಗಂಡಿನ ಬಾಲದ ಮೇಲೆ ಸುರುಳಿ ಪುಕ್ಕ ಬರುತ್ತೆ. ಕರಿಯನಿಗೆ ಆರು ಹೆಣ್ಣುಮಕ್ಕಳು, ಒಂದನ್ನ ಮುಂಗುಸಿ ಹೊತ್ಕೊಂಡು ಹೋಯ್ತು, ಐದು ಉಳೀತು. ರಾಜನಿಗೆ ಏಳು.

ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಎಲ್ಲವೂ ಮೊಟ್ಟೆಗೆ ಬಂದಿದ್ವು. ಕರಿಯನ ಮಕ್ಕಳು: ಮೂರು ಹಸಿರು, ಎರಡು ಬಿಳಿ. ರಾಜನ ಮಕ್ಕಳು: ಏಳಕ್ಕೆ ಏಳೂ ಬಿಳಿ.

ಮಗಳು ಗೋಡೆ ಮೇಲೆ ಕರಿಯ = ಹ-ಬಿ ಅಂತ ಬರೆದ್ಲು. ತಾಯಂದಿರು ಬಿಳಿ, ಹಾಗಾಗಿ ಹಸಿರು ಮಗಳು ಒಂದು ಬಂದ್ರೂ ಅಪ್ಪನಲ್ಲಿ ಹ ಇದೆ, ಬಿಳಿ ಮಗಳು ಒಂದು ಬಂದ್ರೂ ಅಪ್ಪನಲ್ಲಿ ಬಿ ಇದೆ, ಎರಡೂ ಸಿಕ್ತು. ರಾಜನ ವಿಷಯ ಸ್ವಲ್ಪ ಬೇರೆ. ಅವನಲ್ಲಿ ಒಂದು ಹ ಇದ್ದಿದ್ರೆ ಒಬ್ಬೊಬ್ಬ ಮಗಳೂ ಬಿಳಿಯಾಗೋ ಸಾಧ್ಯತೆ ಅರ್ಧ, ಏಳೂ ಬಿಳಿಯಾಗೋದು 128ಕ್ಕೆ ಒಂದು. ಅಷ್ಟು ಸಾಕು ಅಂತ ಅವನನ್ನ ಬಿ-ಬಿ ಅಂದ್ಕೊಂಡ್ವಿ. ಹೆಣ್ಣುಮಕ್ಕಳ ಸಂಖ್ಯೆ ಯಾಕೆ ಮುಖ್ಯ ಅಂದ್ರೆ ಇದಕ್ಕೇ, ಎರಡು ಮೂರು ಮಕ್ಕಳನ್ನ ನೋಡಿ ಗಂಡಿನ ಮೇಲೆ ತೀರ್ಪು ಕೊಡಬೇಡಿ.

ಬಣ್ಣದ ಗಾಢತೆ ನೋಡಿ ಹೇಳಬಹುದಾ?

ಆರು ತಿಂಗಳು ಕಾಯೋದು ಬೇಜಾರು, ಹ-ಹ ಇದ್ರೆ ಕಡು ಹಸಿರು ಹ-ಬಿ ಇದ್ರೆ ತಿಳಿ ಹಸಿರು ಇರಬಹುದೇನೋ ಅಂತ ಪೇಂಟ್ ಅಂಗಡಿಯಿಂದ ಶೇಡ್ ಕಾರ್ಡ್ ತಂದು ಪ್ರತಿ ಮೊಟ್ಟೆ ಪಕ್ಕ ಹಿಡಿದು ನಂಬರ್ ಬರೆದೆ, ಎರಡು ತಿಂಗಳು. ಪ್ರಯೋಜನ ಆಗ್ಲಿಲ್ಲ. ಒಂದೇ ಬಾತು ಶುರುವಿನ ಮೊಟ್ಟೆ ಗಾಢ ಇಟ್ಟು, ಬಿಡದೆ ಒಂದೂವರೆ ತಿಂಗಳು ಇಟ್ಟ ಮೇಲೆ ಎರಡು ಶೇಡು ಕೆಳಗಿಳೀತು. ನಾಯಿ ಅಟ್ಟಿಸಿಕೊಂಡು ಬಂದ ಮಾರನೇ ದಿನದ್ದು ಇನ್ನೂ ಪೇಲವ. ಬಣ್ಣ ಇದೆಯೋ ಇಲ್ಲವೋ ಅನ್ನೋದು ಆ ಒಂದು ಜೀನಿನ ಮಾತು, ಎಷ್ಟು ಗಾಢ ಅನ್ನೋದರಲ್ಲಿ ಬೇರೆ ಜೀನುಗಳು, ವಯಸ್ಸು, ಆರೋಗ್ಯ ಎಲ್ಲಾ ಕೈ ಹಾಕ್ತವೆ. ಶೇಡ್ ಕಾರ್ಡ್ ವಾಪಸ್ ಕೊಟ್ಟೆ.

ಇನ್ನೊಂದು ಗೊಂದಲ ಬೇಡ, ಕಯೂಗಾ ಅನ್ನೋ ಅಮೆರಿಕದ ಕಪ್ಪು ಬಾತು ಋತುವಿನ ಶುರುವಲ್ಲಿ ಬೂದಿಗಪ್ಪು ಮೊಟ್ಟೆ ಇಡುತ್ತೆ, ಫೋಟೋ ನೋಡಿ ಎಲ್ಲರೂ ಕೇಳ್ತಾರೆ. ಆ ಕಪ್ಪು ಚಿಪ್ಪಿನ ಮೇಲಿನ ತೆಳು ಪೊರೇಲಿ ಇರೋದು, ಉಜ್ಜಿದ್ರೆ ಹೋಗುತ್ತೆ.

ಹೆಣ್ಣುಗಳ ಪರೀಕ್ಷೆ

2023ರಲ್ಲಿ ಹಸಿರಿನ ಮೂರನ್ನೂ ರಾಜನ ಜೊತೆ ಬಿಟ್ಟೆ. ರಾಜ ಕೊಡೋದು ಬಿ ಮಾತ್ರ, ಹಾಗಾಗಿ ಮಗಳ ಬಣ್ಣ ಪೂರ್ತಿ ತಾಯಿಯ ಗುಟ್ಟು. ಒಬ್ಬೊಬ್ಬಳ ಮೊಟ್ಟೆಗೂ ಬೇರೆ ಹೇಂಟೆ, ಇಲ್ಲಾಂದ್ರೆ ಮರಿ ಒಡೆದ ಮೇಲೆ ಯಾರದ್ದು ಯಾವುದು ತಿಳಿಯಲ್ಲ. ಕೆಂಪಿನ ಐದು ಹೆಣ್ಣುಮಕ್ಕಳಲ್ಲಿ ಎರಡು ಹಸಿರು ಮೂರು ಬಿಳಿ, ಅವಳು ಹ-ಬಿ. ಹಳದಿಯ ಎಂಟೂ ಹಸಿರು. ಹ-ಬಿ ಆಗಿದ್ರೆ ಹೀಗಾಗೋದು 256ಕ್ಕೆ ಒಂದು, ಅವಳು ಹ-ಹ ಅಂತ ಧೈರ್ಯವಾಗಿ ಬರೆದ್ವಿ. ನೀಲಿಯ ನಾಲ್ಕೂ ಹಸಿರು, ಆದ್ರೆ ಅದು 16ಕ್ಕೆ ಒಂದು ಅಷ್ಟೇ, ಇನ್ನೊಂದು ಹೇಂಟೆ ಕೂರಿಸೋಣ ಅನ್ನೋಷ್ಟರಲ್ಲಿ ಹೊಟ್ಟೇಲೇ ಮೊಟ್ಟೆ ಸಿಕ್ಕಿಕೊಂಡು ನೀಲಿ ಸತ್ತುಹೋಯ್ತು. ಒಳ್ಳೇ ಬಾತು, ನಾನು ಕರೆದ್ರೆ ಮೊದಲು ಓಡಿ ಬರ್ತಿದ್ದಿದ್ದು ಅದೇ.

ಅದೇ ವರ್ಷ ಸಂತೇಲಿ ಒಬ್ಬ ವ್ಯಾಪಾರಿ ಹಸಿರು ಮೊಟ್ಟೆಗೆ ಒಂದು ರೂಪಾಯಿ ಕಮ್ಮಿ ಕೊಡ್ತೀನಿ ಅಂದ, ಹಳೇದು ಅಂತ. ಅದೇ ಸಂತೇಲಿ ಇನ್ನೊಬ್ರು ಹಸಿರು ಮೊಟ್ಟೆ ಔಷಧಿ, ಡಬಲ್ ರೇಟು ಕೊಡ್ತೀನಿ ಅಂದ್ರು. ಇಬ್ಬರಿಗೂ ಎರಡು ಬಣ್ಣದ ಮೊಟ್ಟೆ ಒಂದೇ ತಟ್ಟೇಲಿ ಒಡೆದು ತೋರಿಸ್ದೆ, ಒಳಗೆ ಯಾವ ವ್ಯತ್ಯಾಸವೂ ಇಲ್ಲ. ಜಾವಾದ ಬ್ರೆಬೆಸ್ ಊರಲ್ಲಿ ಉಪ್ಪು ಹಾಕಿದ ಬಾತು ಮೊಟ್ಟೆ ಅಂದ್ರೆ ಹಸಿರುನೀಲಿಯದ್ದೇ, ಆ ಊರು ಅದಕ್ಕೇ ಹೆಸರುವಾಸಿ. ನೋಡಿದ್ರೆ ಹಸಿರೇ ಮೂಲ ಕೂಡ. ನಮ್ಮ ಬಾತುಗಳೆಲ್ಲದರ ಹಿರಿಯ ಕಾಡಿನ ಮಲ್ಲಾರ್ಡ್ ಇಡೋದು ತಿಳಿ ಹಸಿರು ಮೊಟ್ಟೆ. ಮಿಸೆಸ್ ಅಡೆಲ್ ಕ್ಯಾಂಪ್‌ಬೆಲ್ ಇಂಗ್ಲೆಂಡಿನ ಗ್ಲೋಸ್ಟರ್‌ಶೈರಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ಕ್ಯಾಂಪ್‌ಬೆಲ್ ತಳಿ ಕಟ್ಟಿದಾಗ ಬಳಸಿದ್ದು ಇಂಡಿಯನ್ ರನ್ನರ್ ಬಾತು, ಹೆಸರಲ್ಲಿ ಇಂಡಿಯನ್ ಇದ್ರೂ ಇಂಡೋನೇಷ್ಯಾ ದ್ವೀಪಗಳದ್ದು, ಅದರಲ್ಲೂ ಹಸಿರು ಮೊಟ್ಟೆ ಇಡೋವು ಇವೆ. ಕ್ಯಾಂಪ್‌ಬೆಲ್ಲಲ್ಲಿ ಬಿಳಿ ಉಳಿದಿದ್ದು ಮನುಷ್ಯರು ಹಾಗೆ ಆರಿಸಿದ್ದಕ್ಕೆ.

ಈಗ ಎಲ್ಲಿಗೆ ಬಂದಿದೆ

ನನಗೆ ಬೇಕಿರೋದು ಕ್ಯಾಂಪ್‌ಬೆಲ್ ಥರ ಬಿಡದೆ ಮೊಟ್ಟೆ ಇಡೋ, ಆದ್ರೆ ಹಸಿರು ಚಿಪ್ಪಿನ ಮಂದೆ. ಅದಕ್ಕೆ ಒಂದು ಹ-ಹ ಗಂಡು ಸಿಕ್ರೆ ಸಾಕು, ಯಾವ ಹೆಣ್ಣಿನ ಜೊತೆ ಬಿಟ್ರೂ ಹೆಣ್ಣುಮಕ್ಕಳೆಲ್ಲಾ ಹಸಿರು. 2023ರ ಕೊನೇಲಿ ಕರಿಯನನ್ನ ಹಳದಿ ಜೊತೆ ಬಿಟ್ಟೆ. ಹಳದಿ ಯಾವಾಗ್ಲೂ ಹ ಕೊಡುತ್ತೆ, ಕರಿಯ ಅರ್ಧಕ್ಕೆ ಹ ಅರ್ಧಕ್ಕೆ ಬಿ, ಹಾಗಾಗಿ ಗಂಡುಮಕ್ಕಳಲ್ಲಿ ಅರ್ಧ ಹ-ಹ ಇರಬೇಕು, ಆದ್ರೆ ಯಾರು ಅಂತ ಮುಖ ನೋಡಿ ಹೇಳೋಕಾಗಲ್ಲ. ಮೂರು ಗಂಡು ಇಟ್ಕೊಂಡು 2024ರಲ್ಲಿ ಮೂರನ್ನೂ ಬಿಳಿ ಹೆಣ್ಣುಗಳ ಮೇಲೆ ಪರೀಕ್ಷೆಗೆ ಹಾಕ್ದೆ, ಮೂರು ವಾರ ಕಾಯೋದು, ಹೇಂಟೆ, ಭಾನುವಾರದ ಟೈ ಎಲ್ಲಾ ಮತ್ತೆ ಅದೇ.

ಒಂದನೆಯವನ ಎರಡನೇ ಮಗಳೇ ಬಿಳಿ ಇಟ್ಟುಬಿಟ್ಲು, ಅವನು ಹ-ಬಿ, ಪರೀಕ್ಷೆ ಅಲ್ಲಿಗೆ ಮುಗೀತು. ಎರಡನೆಯವನ ಆರು ಹೆಣ್ಣುಮಕ್ಕಳೂ ಹಸಿರು, ಹ-ಬಿ ಆಗಿದ್ರೆ ಹೀಗಾಗೋದು 64ಕ್ಕೆ ಒಂದು, ಅವನನ್ನ ಹ-ಹ ಅಂದ್ಕೊಂಡ್ವಿ. ಮೂರನೆಯವನ ನಾಲ್ಕು ಹೆಣ್ಣುಮಕ್ಕಳು ಮೂರು ವಾರದಿಂದ ಹಸಿರೇ ಇಡ್ತಿದ್ವು, ಐದನೆಯದು ತಡವಾಗಿ ಮೊಟ್ಟೆಗೆ ಬಂತು. ಮೊನ್ನೆ ಬೆಳಿಗ್ಗೆ ಏಳನೇ ಗೂಡಿನ ಹುಲ್ಲಲ್ಲಿ ಅದರ ಮೊದಲ ಮೊಟ್ಟೆ, ಚಿಕ್ಕದು, ಅಪ್ಪಟ ಬಿಳಿ. ಸೀಸದ ಕಡ್ಡೀಲಿ ತಾರೀಖು ಬರೆದು ಗೋಡೆ ಹತ್ರ ಹೋಗಿ ಮೂರನೆಯವನ ಹೆಸರಿನ ಮುಂದೆ ಹ-ಬಿ ಅಂತ ತಿದ್ದಿದೆ.

ಎರಡನೆಯವನನ್ನ ಅವತ್ತು ಸಂಜೇನೇ ರಾಜನ ಕಡೆಯ ಆರು ಕ್ಯಾಂಪ್‌ಬೆಲ್ ಹೆಣ್ಣುಗಳ ಜೊತೆ ಬಿಟ್ಟಿದ್ದೀನಿ. ಮೂರು ವಾರದ ತನಕ ಅವುಗಳ ಮೊಟ್ಟೆ ಅಡುಗೆಮನೆಗೆ, ಆಮೇಲಿನದ್ದು ಹೇಂಟೆ ಕೆಳಗೆ. ಕೊಟ್ಟಿಗೆ ಮೂಲೆಯಲ್ಲಿ ಒಂದು ಹೇಂಟೆ ಆಗಲೇ ಗರಿ ಕೆದರಿಕೊಂಡು ಕಾವಿಗೆ ಬರ್ತಿದೆ.